ಭಯದ ಭೂಪಟ

1994ರ ಸೆಪ್ಟೆಂಬರ್ ಕೊನೆಯಲ್ಲಿ ಸೂರತ್ ನಗರದಲ್ಲಿ ನ್ಯುಮೋನಿಕ್ ಪ್ಲೇಗ್ ಕಾಣಿಸಿಕೊಂಡ ಸುದ್ದಿ ಹಬ್ಬಿತು. ಕೆಲವೇ ದಿನಗಳಲ್ಲಿ ಲಕ್ಷಾಂತರ ಜನ ಊರು ಬಿಟ್ಟರು. ಅವರಲ್ಲಿ ಬಹಳ ಮಂದಿ ನಮ್ಮಂತೆಯೇ ಹೊರಗಿನಿಂದ ದುಡಿಯಲು ಬಂದವರು: ವಜ್ರ ಉಜ್ಜುವವರು, ಪವರ್‌ಲೂಮ್ ಕಾರ್ಮಿಕರು. ಅದಕ್ಕೂ ಮುಂಚೆ, ಆಗಸ್ಟ್‌ನಲ್ಲಿ, ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಗಡ್ಡೆ ಏಳುವ ಬಗೆಯ ಪ್ಲೇಗ್ ಕಾಣಿಸಿಕೊಂಡಿತ್ತು.

ಹೊರಜಗತ್ತು ಬೆಚ್ಚಿಬಿತ್ತು. ಕೊಲ್ಲಿಯ ಹಲವು ದೇಶಗಳು ಭಾರತದ ವಿಮಾನಗಳನ್ನು ನಿಲ್ಲಿಸಿದವು. ಕೆಲವು ದೇಶಗಳು ನಮ್ಮ ಸರಕನ್ನೂ ತಡೆದವು. ತಾಜ್‌ಮಹಲ್ ನೋಡಲು ಹೊರಟಿದ್ದವರು ಟಿಕೆಟ್ ರದ್ದು ಮಾಡಿದರು. ಪ್ರಯಾಣ ನಿರ್ಬಂಧದ ಅಗತ್ಯವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದರೂ ಕೇಳುವವರಿರಲಿಲ್ಲ. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಅನುಮಾನ ಬಂದ ಪ್ರಯಾಣಿಕರನ್ನು ಪರೀಕ್ಷಿಸಿದರು; ಒಬ್ಬರಲ್ಲೂ ಪ್ಲೇಗ್ ಸಿಗಲಿಲ್ಲ. ದೇಶದಲ್ಲಿ ಸತ್ತವರ ಸಂಖ್ಯೆ 50ಕ್ಕಿಂತ ಸ್ವಲ್ಪ ಹೆಚ್ಚು. ವ್ಯಾಪಾರ, ಪ್ರವಾಸದ ನಷ್ಟ ಮಾತ್ರ ಒಂದು ಅಂದಾಜಿನಂತೆ 200 ಕೋಟಿ ಡಾಲರಿನ ಹತ್ತಿರ.

ಟೆಟ್ರಾಸೈಕ್ಲಿನ್‌ನಂಥ ಅಗ್ಗದ ಮಾತ್ರೆಗೆ ಬಗ್ಗುವ ರೋಗ ಇದು. ಅಮೆರಿಕದ ನ್ಯೂ ಮೆಕ್ಸಿಕೊ, ಅರಿಜೋನಾ ರಾಜ್ಯಗಳ ಕಾಡುದಂಶಕಗಳಲ್ಲಿ ಇವತ್ತಿಗೂ ಇದೆ. ಆ ದೇಶದಲ್ಲಿ ವರ್ಷಕ್ಕೆ ಸರಾಸರಿ 7 ಜನಕ್ಕೆ ತಗಲುತ್ತದೆ. ಹಾಗೆಂದು ಗ್ರ್ಯಾಂಡ್ ಕ್ಯಾನ್ಯನ್ ಪ್ರವಾಸವನ್ನು ಯಾರೂ ರದ್ದು ಮಾಡುವುದಿಲ್ಲ.

ನಾನು ಪುಣೆಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ನಮ್ಮ ಕೆಲಸದಲ್ಲಿ ರಿಸ್ಕ್ ರಿಜಿಸ್ಟರ್ ಎಂಬುದೊಂದಿದೆ. ಅಪಾಯ ಘಟಿಸುವ ಸಾಧ್ಯತೆ ಎಷ್ಟು, ಘಟಿಸಿದರೆ ಪೆಟ್ಟು ಎಷ್ಟು, ಎರಡನ್ನೂ ಬರೆದು ಗುಣಿಸುತ್ತೇವೆ. ಮನುಷ್ಯನ ಮನಸ್ಸು ಹೀಗೆ ಲೆಕ್ಕ ಹಾಕುವುದಿಲ್ಲ. ಪಾಲ್ ಸ್ಲೋವಿಕ್ ಎಂಬ ಮನೋವಿಜ್ಞಾನಿ 1987ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ವಿವರಿಸಿದರು: ಅಪರಿಚಿತವಾದದ್ದು, ಭೀಕರವಾದದ್ದು, ನಮ್ಮ ಹತೋಟಿಯಲ್ಲಿಲ್ಲದ್ದು ನಮಗೆ ಅದರ ನಿಜವಾದ ಅಳತೆಗಿಂತ ದೊಡ್ಡದಾಗಿ ಕಾಣುತ್ತದೆ.

ಇದನ್ನು ನಾನು ಆಗಾಗ ಕಣ್ಣಾರೆ ಕಾಣುತ್ತೇನೆ. ಹೊರದೇಶದಿಂದ ಬರುವ ಗ್ರಾಹಕರು ಟೈಫಾಯ್ಡ್, ಹೆಪಟೈಟಿಸ್ ಲಸಿಕೆ ಹಾಕಿಸಿಕೊಂಡಿರುತ್ತಾರೆ. ಹಲ್ಲುಜ್ಜಲೂ ಬಾಟಲಿ ನೀರು ಬಳಸುತ್ತಾರೆ. ಅದು ಜಾಣತನವೇ, ಪ್ರವಾಸಿಗಳ ಹೊಟ್ಟೆ ಕೆಡುವುದು ಸುಳ್ಳಲ್ಲ. ಆದರೆ ಅವರೇ ಮುಂಬೈ ಎಕ್ಸ್‌ಪ್ರೆಸ್‌ವೇಯಲ್ಲಿ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕದೆ ನಿದ್ದೆ ಹೋಗುತ್ತಾರೆ. ಹೊರದೇಶಗಳಲ್ಲಿ ಅಮೆರಿಕದ ಪ್ರವಾಸಿಗಳ ಜೀವ ತೆಗೆಯುವುದರಲ್ಲಿ ರಸ್ತೆ ಅಪಘಾತದ ಪಾಲು ಸೋಂಕುರೋಗಗಳಿಗಿಂತ ಎಷ್ಟೋ ಹೆಚ್ಚು. ಕಾರು ಪರಿಚಿತ; ಅದಕ್ಕೇ ಅದರ ಭಯವಿಲ್ಲ.

ಈ ಭಯದ ಭೂಪಟ ಹಳೆಯದು. 1896ರಲ್ಲಿ ಮುಂಬೈಗೆ ಪ್ಲೇಗ್ ಬಂದಾಗ ಯುರೋಪಿನ ದೇಶಗಳು 1897ರಲ್ಲಿ ವೆನಿಸ್‌ನಲ್ಲಿ ಸಭೆ ಸೇರಿದವು. ಆ ವರ್ಷ ಭಾರತದ ಹಜ್ ಯಾತ್ರಿಕರನ್ನು ತಡೆಯಲಾಯಿತು. ರೋಗ ಹುಬ್ಬಳ್ಳಿಗೂ 1898ರಲ್ಲಿ ಬೆಂಗಳೂರಿಗೂ ಬಂತು. ನಮ್ಮ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಅದರ ಬೆನ್ನಿಗೇ ಬೆಳೆದವು. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಇಳಿಸಿ ಪರೀಕ್ಷಿಸುತ್ತಿದ್ದ ಕಾಲ ಅದು. ‘ಎಲ್ಲಿಂದ ಬಂದಿರಿ?’ ಎಂಬ ಪ್ರಶ್ನೆಯೇ ಅರ್ಧ ರೋಗನಿರ್ಣಯವಾಗಿತ್ತು.

ಭಯಪಡಬಾರದು ಎಂದು ನಾನು ಹೇಳುತ್ತಿಲ್ಲ. ಆದರೆ ಲೆಕ್ಕವಿಲ್ಲದ ಭಯಕ್ಕೆ ಬೆಲೆ ತೆರುವವರು ಬೇರೆ. ನಮ್ಮ ಸ್ಟೇಟಸ್ ಮೀಟಿಂಗ್‌ಗಳಲ್ಲಿ ಕೆಂಪು ತೋರಿಸಿದವನನ್ನು ಗದರಿಸಿದರೆ ಮುಂದಿನ ವಾರ ಎಲ್ಲರೂ ಹಸಿರನ್ನೇ ತೋರಿಸುತ್ತಾರೆ. ದೇಶಗಳೂ ಹಾಗೆಯೇ. ಸೂರತ್ ಕಲಿಸಿದ ಪಾಠಗಳಲ್ಲಿ ಇದೂ ಒಂದು. 1995ರಲ್ಲೇ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳನ್ನು ತಿದ್ದುವ ನಿರ್ಧಾರವಾಯಿತು. 2005ರಲ್ಲಿ ಹೊಸ ನಿಯಮಗಳು ಒಪ್ಪಿಗೆ ಪಡೆದು 2007ರಲ್ಲಿ ಜಾರಿಗೆ ಬಂದವು. ರೋಗ ತಡೆಯುವಾಗ ಪ್ರಯಾಣಕ್ಕೂ ವ್ಯಾಪಾರಕ್ಕೂ ಅನಗತ್ಯ ಅಡ್ಡಿ ಮಾಡಬಾರದು ಎಂಬುದು ಅವುಗಳ ತಿರುಳು.

ಆದರೂ 2021ರ ನವೆಂಬರ್‌ನಲ್ಲಿ ಒಮೈಕ್ರಾನ್ ಬಗ್ಗೆ ದಕ್ಷಿಣ ಆಫ್ರಿಕಾ ಜಗತ್ತಿಗೆ ತಿಳಿಸಿದ ಕೆಲವೇ ದಿನಗಳಲ್ಲಿ ಅಲ್ಲಿಂದ ಬರುವ ವಿಮಾನಗಳಿಗೆ ಹಲವು ದೇಶಗಳ ಬಾಗಿಲು ಮುಚ್ಚಿತು. ಆ ಸುದ್ದಿ ಹೊರಬೀಳುವ ಮೊದಲೇ ನೆದರ್ಲೆಂಡ್ಸ್‌ನಲ್ಲಿ ಸಂಗ್ರಹಿಸಿದ್ದ ಮಾದರಿಗಳಲ್ಲೂ ಅದೇ ವೈರಾಣು ಇತ್ತೆಂದು ಆಮೇಲೆ ಗೊತ್ತಾಯಿತು. ಶಿಕ್ಷೆಯಾದದ್ದು ಮೊದಲು ಬಾಯಿಬಿಟ್ಟವರಿಗೆ. ಮುಂದಿನ ರೋಗ ಎಲ್ಲಿ ಹುಟ್ಟುತ್ತದೋ ಯಾರಿಗೂ ತಿಳಿಯದು. ಅಲ್ಲಿನವರು ಬೇಗ ಬಾಯಿಬಿಡಬೇಕೆಂದು ಬಯಸುವವರು, ಅವರು ಬಾಯಿಬಿಟ್ಟಾಗ ಹೇಗೆ ನಡೆದುಕೊಳ್ಳಬೇಕೆಂದು ಈಗಲೇ ಯೋಚಿಸಬೇಕು.