ಟಾಫ್ಟ್ ರಸ್ತೆಯ ಹಸಿರು ಪಡೆ ಮತ್ತು ಕೋಚ್ ರಾಮಿಲ್

ಮನಿಲಾದ ಡೆ ಲಾ ಸಾಲ್ ವಿದ್ಯಾಸಂಸ್ಥೆಯಲ್ಲಿ 1973ರವರೆಗೆ ಹೆಣ್ಣುಮಕ್ಕಳಿಗೆ ಪ್ರವೇಶವೇ ಇರಲಿಲ್ಲ. 1911ರಲ್ಲಿ ಲಾ ಸಾಲ್ ಬ್ರದರ್‌ಗಳು ಆರಂಭಿಸಿದ ಈ ಕ್ಯಾಥೊಲಿಕ್ ಸಂಸ್ಥೆ ಅರವತ್ತು ವರ್ಷಕ್ಕೂ ಮಿಕ್ಕಿ ಗಂಡುಹುಡುಗರಿಗಷ್ಟೇ ಮೀಸಲಾಗಿತ್ತು. ಇವತ್ತು ಟಾಫ್ಟ್ ಅವೆನ್ಯೂದ ಆ ವಿಶ್ವವಿದ್ಯಾಲಯದ ಹೆಸರನ್ನು ಫಿಲಿಪೀನ್ಸ್‌ನ ಮನೆಮನೆಯ ಟಿವಿಗೆ ತಲುಪಿಸಿದವರಲ್ಲಿ ಹಸಿರು ಜೆರ್ಸಿಯ ವಾಲಿಬಾಲ್ ಹುಡುಗಿಯರ ಪಾಲು ದೊಡ್ಡದು. ಅವರನ್ನು ‘ಲೇಡಿ ಸ್ಪೈಕರ್ಸ್’ ಎಂದು ಕರೆಯುತ್ತಾರೆ. ಈ ತಂಡದ ಚರಿತ್ರೆ ಬರೆಯಲು ಹೊರಟರೆ ಅದು ಬಹುಮಟ್ಟಿಗೆ ಒಬ್ಬ ಮನುಷ್ಯನ ಚರಿತ್ರೆಯೇ ಆಗಿಬಿಡುತ್ತದೆ. ಅವರು ರಾಮಿಲ್ ಡೆ ಹೆಸುಸ್.

ಅವರ ಕಥೆಗೆ ಹೋಗುವ ಮೊದಲು ಆ ನಾಡಿಗೂ ಈ ಆಟಕ್ಕೂ ಇರುವ ಹಳೆಯ ಋಣವನ್ನು ಹೇಳಬೇಕು. ವೈಎಂಸಿಎಯ ಎಲ್ವುಡ್ ಬ್ರೌನ್ ಎಂಬ ಅಮೆರಿಕನ್ 1910ರಲ್ಲಿ ಮನಿಲಾಕ್ಕೆ ವಾಲಿಬಾಲ್ ತಂದರು. ಆಗಿನ್ನೂ ಒಂದು ಕಡೆ ಇಷ್ಟೇ ಜನ, ಇಷ್ಟೇ ಪೆಟ್ಟು ಎಂಬ ಕಟ್ಟುಪಾಡು ಇರಲಿಲ್ಲ. ಹದಿನಾರು ಹದಿನಾರು ಜನ ನಿಂತು ಆಡುತ್ತಿದ್ದರು. ಫಿಲಿಪಿನೊ ಹುಡುಗರು ಚೆಂಡನ್ನು ಆಚೆ ಕಳಿಸುವ ಮುನ್ನ ತಮ್ಮತಮ್ಮಲ್ಲೇ 52 ಸಲ ತಟ್ಟಿಕೊಂಡರು ಎಂಬ ಕಥೆಯೊಂದು ಆಟದ ಚರಿತ್ರೆಯಲ್ಲಿ ಸೇರಿಹೋಗಿದೆ. ಮೂರೇ ಪೆಟ್ಟಿನ ನಿಯಮ ಬರಲು ಇಂಥ ಚೇಷ್ಟೆಗಳೂ ಕಾರಣವಂತೆ. ಚೆಂಡನ್ನು ನೆಟ್ ಪಕ್ಕ ಎತ್ತಿಕೊಟ್ಟು, ಇನ್ನೊಬ್ಬ ಹಾರಿ ಕೆಳಕ್ಕೆ ಬಾರಿಸುವ ಪಟ್ಟನ್ನು ಮೊದಲು ರೂಢಿಸಿದವರೂ ಅವರೇ. ನಮ್ಮೂರ ಹೊನಲು ಬೆಳಕಿನ ಪಂದ್ಯಾವಳಿಯಲ್ಲಿ ಸ್ಮ್ಯಾಶ್ ಬಿದ್ದಾಗ ಶಿಳ್ಳೆ ಹೊಡೆಯುವವರು ನಿಜಕ್ಕೂ ಮನಿಲಾದ ಆ ಹುಡುಗರಿಗೆ ಕೃತಜ್ಞರಾಗಿರಬೇಕು.

ಇಷ್ಟಾದರೂ ಫಿಲಿಪೀನ್ಸ್ ಬ್ಯಾಸ್ಕೆಟ್‌ಬಾಲ್ ಹುಚ್ಚಿನ ದೇಶ. ಗಲ್ಲಿಗಲ್ಲಿಗೊಂದು ಬಳೆ ತೂಗುಹಾಕಿರುತ್ತಾರೆ. ಮಹಿಳಾ ವಾಲಿಬಾಲ್ ತಂಡ ಆಗ್ನೇಯ ಏಷ್ಯಾ ಕ್ರೀಡಾಕೂಟದಲ್ಲಿ ಕೊನೆಯ ಚಿನ್ನ ಗೆದ್ದದ್ದು 1993ರಲ್ಲಿ. 2005ರಲ್ಲಿ ತವರಿನಲ್ಲೇ ಕಂಚು ಬಂತು. ಆಮೇಲೆ ಹತ್ತು ವರ್ಷ ಆ ಕೂಟದಲ್ಲಿ ಅವರ ಮಹಿಳಾ ತಂಡವೇ ಕಾಣಲಿಲ್ಲ, 2015ರಲ್ಲಷ್ಟೇ ಮರಳಿತು. ಈ ನಡುವೆ ಫೆಡರೇಷನ್‌ಗಳ ಜಗಳ ನಡೆದೇ ಇತ್ತು. ಒಂದು ಸಂಸ್ಥೆಯ ಮಾನ್ಯತೆ ಹೋಗಿ ಇನ್ನೊಂದು ಬಂತು, 2021ರಲ್ಲಿ ಮತ್ತೊಂದು. ಈ ಕಾಲದಲ್ಲೆಲ್ಲ ಆಟವನ್ನು ಬದುಕಿಸಿಟ್ಟದ್ದು ವಿಶ್ವವಿದ್ಯಾಲಯಗಳು. ಅದರಲ್ಲೂ ಎಂಟು ವಿಶ್ವವಿದ್ಯಾಲಯಗಳ ‘ಯುಎಎಪಿ’ ಕೂಟ. 1938ರಿಂದ ನಡೆಯುತ್ತಿರುವ ಈ ಕೂಟಕ್ಕೆ ಲಾ ಸಾಲ್ ಸೇರಿದ್ದು ತಡವಾಗಿ, 1986ರಲ್ಲಿ.

ಆಗ ಮಹಿಳಾ ವಾಲಿಬಾಲ್ ಎಂದರೆ ಫಾರ್ ಈಸ್ಟರ್ನ್ ವಿಶ್ವವಿದ್ಯಾಲಯ, ಇಲ್ಲವೇ ಸಾಂತೊ ತೋಮಸ್. ಹೊಸಬರಾದ ಲಾ ಸಾಲ್‌ನವರಿಗೆ ಅಲ್ಲಿ ಜಾಗವಿರಲಿಲ್ಲ. ವಿಚಿತ್ರವೆಂದರೆ ಅವರಿಗೆ ಜಾಗ ಮಾಡಿಕೊಟ್ಟ ಡೆ ಹೆಸುಸ್ ತಾವು ಆಟಗಾರರಾಗಿ ಬೆಳೆದದ್ದು ಅದೇ ಫಾರ್ ಈಸ್ಟರ್ನ್‌ನಲ್ಲಿ. 1990ರ ದಶಕದ ಕೊನೆಯಲ್ಲಿ ಅವರು ಕೋಚ್ ಆಗಿ ಟಾಫ್ಟ್‌ಗೆ ಬಂದರು. 1999–2000ರ ಋತುವಿನಲ್ಲಿ ಲಾ ಸಾಲ್ ಮೊದಲ ಸಲ ಮಹಿಳಾ ಕಿರೀಟ ತೊಟ್ಟಿತು.

ಅವರು ಬಂದ ಹೊತ್ತೂ ಮುಖ್ಯ. ಆಟದ ನಿಯಮಗಳೇ ಆಗ ಮಗುಚಿಬಿದ್ದಿದ್ದವು. ಸರ್ವಿಸ್ ಮಾಡಿದವರಿಗಷ್ಟೇ ಪಾಯಿಂಟ್ ಎಂಬ ಹಳೆಯ ಲೆಕ್ಕ ಹೋಗಿ ಪ್ರತಿ ರ‍್ಯಾಲಿಗೂ ಪಾಯಿಂಟ್ ಬಂತು. ಹಿಂದಿನ ಸಾಲನ್ನು ಕಾಯಲೆಂದೇ ಬೇರೆ ಬಣ್ಣದ ಜೆರ್ಸಿಯ ಲಿಬೆರೊ ಬಂದಳು. ಒಂದು ತಪ್ಪಿಗೆ ನೇರವಾಗಿ ಒಂದು ಪಾಯಿಂಟ್ ತೆರಬೇಕಾದ ಈ ಹೊಸ ಆಟದಲ್ಲಿ, ಎತ್ತರದಲ್ಲಿ ಹಿಂದುಳಿದ ಫಿಲಿಪಿನೊ ಹುಡುಗಿಯರು ನೆಲದ ಮೇಲಿನ ರಕ್ಷಣೆಯನ್ನು ಬಿಗಿಮಾಡಿಕೊಳ್ಳದೆ ಗತ್ಯಂತರವಿರಲಿಲ್ಲ. ಚೆನ್ನಾಗಿ ಪಡೆದ ಸರ್ವಿಸ್, ಸರಿಯಾದ ಜಾಗದಲ್ಲಿ ನಿಂತ ಬ್ಲಾಕ್, ಅದನ್ನು ತಪ್ಪಿಸಿ ಬಂದ ಚೆಂಡಿಗೆ ಹಿಂದೆ ಕಾದಿರುವ ಕೈ. ಲಾ ಸಾಲ್‌ನವರ ಆಟದ ಬೆನ್ನೆಲುಬು ಇದೇ ಆಯಿತು. ನೋಡಲು ಇದರಲ್ಲಿ ಬೆಡಗಿಲ್ಲ. ಎದುರಾಳಿಗೆ ಮಾತ್ರ ಉಸಿರುಗಟ್ಟುತ್ತದೆ.

2004ರಿಂದ ಸತತ ಮೂರು ವರ್ಷ ಕಿರೀಟ ಬಂತು. ನಾಲ್ಕನೆಯದಕ್ಕೆ ಆಡಲು ಅವಕಾಶವೇ ಸಿಗಲಿಲ್ಲ. ಪುರುಷರ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಅರ್ಹತೆಯಿಲ್ಲದ ಇಬ್ಬರು ಆಡಿದ್ದು ಬಯಲಾಗಿ, 2006–07ರ ಋತುವಿಡೀ ಲಾ ಸಾಲ್‌ನ ಎಲ್ಲ ತಂಡಗಳನ್ನೂ ಯುಎಎಪಿ ಹೊರಗಿಟ್ಟಿತು. ಬ್ಯಾಸ್ಕೆಟ್‌ಬಾಲ್ ಹುಡುಗರ ಕಡತದಲ್ಲಾದ ಲೋಪಕ್ಕೆ ವಾಲಿಬಾಲ್ ಹುಡುಗಿಯರು ಒಂದು ವರ್ಷ ಕಳೆದುಕೊಂಡರು. ಯುಎಎಪಿಯಲ್ಲಿ ಒಬ್ಬ ಆಟಗಾರ್ತಿಗೆ ಸಿಗುವುದೇ ಐದು ಋತು. ಸಂಸ್ಥೆಯನ್ನು ಶಿಕ್ಷಿಸುವ ಭರದಲ್ಲಿ ಇಂಥ ಲೆಕ್ಕವನ್ನು ಯಾರೂ ಮಾಡುವುದಿಲ್ಲ. ನನ್ನ ದೃಷ್ಟಿಯಲ್ಲಿ ಅದು ಅನ್ಯಾಯವೇ.

ಅಂಥ ಪೆಟ್ಟಿನ ನಂತರ ತಂಡಗಳು ಸಾಮಾನ್ಯವಾಗಿ ಚೆದುರುತ್ತವೆ. ಲಾ ಸಾಲ್ ಚೆದುರಲಿಲ್ಲ. 2009ರಲ್ಲಿ ಮನಿಲಾ ಸಾಂತೋಸ್ ಎಂಬ ಹುಡುಗಿಯ ಆಟದ ಬಲದಿಂದ ಮತ್ತೆ ಕಿರೀಟ. 2011, 2012, 2013ರಲ್ಲಿ ಇನ್ನೊಂದು ಸತತ ಮೂರು. ಆಬಿ ಮರಾನ್ಯೊ, ಮಿಶೆಲ್ ಗುಮಬಾವ್, ಆರಾ ಗಲಾಂಗ್, ಮಿಕಾ ರೇಯೆಸ್ ಅವರ ಕಾಲ ಅದು.

ಆಮೇಲೆ ಬಂದದ್ದೇ ಈ ಚರಿತ್ರೆಯ ಅತ್ಯಂತ ರೋಚಕ ಭಾಗ. 2014ರಲ್ಲಿ ಲಾ ಸಾಲ್ ಲೀಗ್ ಹಂತದ ಹದಿನಾಲ್ಕೂ ಪಂದ್ಯ ಗೆದ್ದಿತು. ಆಗಿನ ನಿಯಮದಂತೆ ಹಾಗೆ ಗೆದ್ದವರು ನೇರ ಫೈನಲ್‌ಗೆ ಹೋಗುತ್ತಿದ್ದರು, ಎದುರಾಳಿ ಅವರನ್ನು ಮೂರು ಸಲ ಸೋಲಿಸಬೇಕಿತ್ತು. ಅದು ಆಗದ ಮಾತೆಂದೇ ಎಲ್ಲರೂ ಅಂದುಕೊಂಡಿದ್ದರು. ಅತೆನೇಯೊ ವಿಶ್ವವಿದ್ಯಾಲಯದ ನೀಲಿ ಜೆರ್ಸಿಯವರು, ಅಲಿಸಾ ವಾಲ್ಡೆಜ್ ಮುಂದಾಳತ್ವದಲ್ಲಿ, ಮೂರು ಸಲ ಸೋಲಿಸಿಯೇಬಿಟ್ಟರು. ಅವರ ಕೋಚ್ ಥಾಯ್ಲೆಂಡಿನ ತಾಯ್ ಬುಂಡಿಟ್ ಸದಾ ನಗುವ ಮನುಷ್ಯ. ‘ಖುಷಿಯಾಗಿ ಆಡಿ’ ಎನ್ನುವುದೇ ಅವರ ಮಂತ್ರ. ಈ ಕಡೆ ಡೆ ಹೆಸುಸ್ ಬಿಗಿದ ಮುಖದವರು, ಮಿತಭಾಷಿ. ಎಂಥ ತಾರೆಯನ್ನಾದರೂ ಬೆಂಚಿನ ಮೇಲೆ ಕೂರಿಸಲು ಹಿಂಜರಿಯದವರು. ಪತ್ರಿಕೆಯವರಿಗೆ ಇದಕ್ಕಿಂತ ಸೊಗಸಾದ ಜೋಡಿ ಸಿಗುವಂತಿರಲಿಲ್ಲ. ಹಸಿರು–ನೀಲಿ ಪಂದ್ಯವೆಂದರೆ ಅರನೇಟಾ ಕೊಲಿಸಿಯಂ ಕಿಕ್ಕಿರಿಯುತ್ತಿತ್ತು.

ಮರುವರ್ಷ ಇನ್ನೂ ಕೆಟ್ಟದಾಯಿತು. ಸೆಮಿಫೈನಲ್‌ನಲ್ಲಿ ಆರಾ ಗಲಾಂಗ್‌ಳ ಮಂಡಿಯ ಅಸ್ಥಿರಜ್ಜು ಹರಿಯಿತು. ಅತೆನೇಯೊ ಒಂದೂ ಪಂದ್ಯ ಸೋಲದೆ ಕಿರೀಟ ಉಳಿಸಿಕೊಂಡಿತು. ಡೆ ಹೆಸುಸ್ ಕಾಲ ಮುಗಿಯಿತು ಎಂದು ಮಾತಾಡಿಕೊಂಡವರು ಆಗ ಕಡಿಮೆಯೇನಿರಲಿಲ್ಲ. 2016ರಲ್ಲಿ ಅದೇ ಅತೆನೇಯೊ ಎದುರು ಮೂರನೆಯ ಪಂದ್ಯದವರೆಗೆ ಎಳೆದಾಡಿ ಲಾ ಸಾಲ್ ಗೆದ್ದಿತು. ಗಲಾಂಗ್ ಗುಣವಾಗಿ ಬಂದು ಕಿರೀಟದೊಂದಿಗೇ ವಿಶ್ವವಿದ್ಯಾಲಯ ಬಿಟ್ಟಳು. 2017ರಲ್ಲೂ ಅತೆನೇಯೊ ಸೋತಿತು. 2018ರ ಫೈನಲ್‌ನಲ್ಲಿ ಸೋತದ್ದು ಯಾರು ಗೊತ್ತೇ? ಫಾರ್ ಈಸ್ಟರ್ನ್, ಕೋಚ್ ಓದಿದ, ಆಡಿದ ಮನೆ. ಅದು ಹನ್ನೊಂದನೆಯ ಕಿರೀಟ.

ಈ ಸಂಚಿಕೆ ಓದುವವರಲ್ಲಿ ವ್ಯಾಯಾಮ ಶಿಕ್ಷಕರು ಹಲವರಿದ್ದೀರಿ. ಮದ್ರಾಸಿನ ವೈಎಂಸಿಎ ಕಾಲೇಜಿನಲ್ಲಿ ತರಬೇತಿ ಪಡೆದ ಹಿರಿಯರ ಶಿಷ್ಯರೂ ಇರಬಹುದು. ಕಾಲೇಜು ತಂಡದ ಕಷ್ಟ ನಿಮಗೆ ಹೊಸದಲ್ಲ. ತುಂಬಿದ ಕಣಜ ಪ್ರತಿ ವರ್ಷ ಬರಿದಾಗುತ್ತದೆ. ಪಳಗಿದವರು ಪದವಿ ಪಡೆದು ಹೋಗುತ್ತಾರೆ, ಜೂನ್‌ನಲ್ಲಿ ಮತ್ತೆ ಸೊನ್ನೆಯಿಂದ ಶುರು. ಡೆ ಹೆಸುಸ್ ಅವರ ದೊಡ್ಡತನ ನನಗೆ ಕಾಣುವುದು ಇಲ್ಲಿ. ಹಲವು ವರ್ಷ ತಂಡವನ್ನು ನಡೆಸಿದ ಲಿಫ್ಟರ್ ಕಿಮ್ ಫಹಾರ್ಡೊ 2017ರಲ್ಲಿ ಹೋದಳು. ಲಿಫ್ಟರ್ ಹೋದರೆ ತಂಡದ ಲಯವೇ ಹೋಗುತ್ತದೆ. ಮರುವರ್ಷ ಮಿಶೆಲ್ ಕಾಬ್ ಆ ಜಾಗಕ್ಕೆ ಬಂದಳು, ಕಿರೀಟವೂ ಬಂತು. ಲಿಬೆರೊ ಡಾನ್ ಮಕಾಂಡಿಲಿ ಐದಡಿಯ ಆಸುಪಾಸಿನ ಹುಡುಗಿ. ಎತ್ತರದವರ ಆಟ ಎನ್ನುವ ಈ ಆಟದಲ್ಲಿ ರಾಷ್ಟ್ರೀಯ ತಂಡದವರೆಗೆ ಹೋದಳು. ಹೊಸಬಳೊಬ್ಬಳು ಅಂಕಣಕ್ಕೆ ಇಳಿಯುವ ಹೊತ್ತಿಗೆ ಅವಳ ಕೆಲಸವೇನೆಂದು ಅವಳಿಗೂ ಗೊತ್ತು, ಪಕ್ಕದಲ್ಲಿ ನಿಂತವಳಿಗೂ ಗೊತ್ತು. ‘ಸಿಸ್ಟಂ’ ಎಂದು ಅಲ್ಲಿಯವರು ಹೇಳುವುದು ಇದನ್ನೇ.

ಲಾ ಸಾಲ್ ಹಣವಂತ ಸಂಸ್ಥೆ, ಹೈಸ್ಕೂಲಿನ ಒಳ್ಳೆಯ ಹುಡುಗಿಯರನ್ನೆಲ್ಲ ಸೆಳೆದುಕೊಳ್ಳುತ್ತದೆ ಎಂಬ ಟೀಕೆಯಿದೆ. ಸುಳ್ಳಲ್ಲ. ಆದರೆ ಅತೆನೇಯೊ ಬಡವರ ಕಾಲೇಜೇನೂ ಅಲ್ಲ. ದುಡ್ಡಿನಿಂದ ಹುಡುಗಿಯರು ಬರಬಹುದು. ಒಬ್ಬಳ ಜಾಗಕ್ಕೆ ಇನ್ನೊಬ್ಬಳನ್ನು ಇಪ್ಪತ್ತು ವರ್ಷ ಬಿಡದೆ ತಯಾರು ಮಾಡುವ ತಾಳ್ಮೆ ದುಡ್ಡಿಗೆ ಸಿಗುವುದಿಲ್ಲ. ಪದವೀಧರರಾದ ಡೆ ಹೆಸುಸ್ ಶಿಷ್ಯೆಯರೇ ಸೇರಿ ಎಫ್2 ಲಾಜಿಸ್ಟಿಕ್ಸ್ ಎಂಬ ಕ್ಲಬ್ ತಂಡದಲ್ಲಿ ಮತ್ತೆ ಅವರ ಕೈಕೆಳಗೇ ಆಡಿ ಪ್ರಶಸ್ತಿ ಗೆದ್ದರು. ಕಟ್ಟುನಿಟ್ಟಿನ ಮೇಷ್ಟ್ರ ಬಳಿಗೆ ಮಕ್ಕಳು ಎರಡನೆಯ ಸಲ ತಾವಾಗಿ ಬರುವುದು ಅಪರೂಪ.

2020ರ ಋತು ಕೊರೊನಾದಿಂದ ಅರ್ಧಕ್ಕೇ ನಿಂತಿತು. 2022ರಲ್ಲಿ ನ್ಯಾಷನಲ್ ವಿಶ್ವವಿದ್ಯಾಲಯ 65 ವರ್ಷಗಳ ಬರ ನೀಗಿಸಿಕೊಂಡು ಕಿರೀಟ ಒಯ್ದಿತು. ಫೈನಲ್‌ನಲ್ಲಿ ಸೋತವರು ಲಾ ಸಾಲ್‌ನವರೇ. ಮರುವರ್ಷ ಕಿರೀಟ ಗೆದ್ದು ಲಾ ಸಾಲ್ ಅದಕ್ಕೆ ಉತ್ತರ ಕೊಟ್ಟಿತು. ಮೊದಲ ವರ್ಷದ ಏಂಜೆಲ್ ಕನೀನೊ ಆ ಋತುವಿನ ಶ್ರೇಷ್ಠ ಆಟಗಾರ್ತಿಯೂ ಆದಳು. ಆ ಫೈನಲ್‌ನಲ್ಲಿ ಬೆಂಚಿನ ಬಳಿ ನಿಂತು ತಂಡ ನಡೆಸಿದವರು ಬಹುಕಾಲದ ಸಹಾಯಕ ನೋಯೆಲ್ ಒರ್ಕುಲ್ಲೊ, ಡೆ ಹೆಸುಸ್ ಅಲ್ಲ. ಕೋಚ್ ಪಕ್ಕಕ್ಕೆ ಸರಿದಾಗಲೂ ಓಡುವ ತಂಡ ಕಟ್ಟಿದ್ದಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆಮೇಲೆ ಡೆ ಹೆಸುಸ್ ಮರಳಿ ಬಂದರು. 2025ರ ಫೈನಲ್‌ನಲ್ಲಿ ನ್ಯಾಷನಲ್ ಎದುರು ಸೋತರು.

ಯುಎಎಪಿಯಲ್ಲಿ ಅತಿ ಹೆಚ್ಚು ಮಹಿಳಾ ವಾಲಿಬಾಲ್ ಕಿರೀಟಗಳ ದಾಖಲೆ ಫಾರ್ ಈಸ್ಟರ್ನ್ ಹೆಸರಿನಲ್ಲಿದೆ: 29. ಅದರಲ್ಲಿ ಕೊನೆಯದು ಬಂದದ್ದು 2008ರಲ್ಲಿ. 2023ರವರೆಗೆ ಲಾ ಸಾಲ್ ಗೆದ್ದದ್ದು 12. ಹನ್ನೆರಡೂ ರಾಮಿಲ್ ಡೆ ಹೆಸುಸ್ ಮುಖ್ಯ ಕೋಚ್ ಆಗಿದ್ದ ಕಾಲದವು.