ಅಷ್ಟೂರಿನ ದಾರಿಯೂ ಪೆಟ್ರೋಲಿನ ಒತ್ತಡವೂ

ಬೀದರ ನಗರದಿಂದ ಮೂಡಣಕ್ಕೆ, ಖಲೀಲುಲ್ಲಾನ ಗೋರಿಯಾದ ಚೌಖಂಡಿಯನ್ನು ಹಾದು, ಅಷ್ಟೂರಿನ ಬಹಮನೀ ಗೋರಿಗಳೆಡೆಗೆ ಸಾಗುವ ದಾರಿಯನ್ನು ಅದರ ಶಿಲ್ಪವೈಭವಕ್ಕಾಗಿ ವರ್ಣಿಸಿದವರು ಅನೇಕರಿದ್ದಾರೆ. 1436ರಲ್ಲಿ ಕಾಲವಾದ ಬಹಮನೀ ಸುಲ್ತಾನ ಅಹ್ಮದ್ ಶಾಹ ವಲಿಯ ಉರುಸಿಗೆ ಹಿಂದೂಗಳೂ ಮುಸಲ್ಮಾನರೂ ಒಟ್ಟಾಗಿ ನೆರೆಯುವ ಪದ್ಧತಿಯನ್ನು ಕುರಿತು ಬರೆದವರೂ ಉಂಟು. ಆದರೆ ಭಾಲ್ಕಿ, ಔರಾದಗಳ ಕಡೆಯ ಹಳ್ಳಿಗಳಿಂದ ಜನರನ್ನು ತುಂಬಿಕೊಂಡು ಬರುತ್ತಿದ್ದ ಜೀಪುಗಳನ್ನೂ, ಆ ಜೀಪುಗಳ ಉಸಿರು ನಿಲ್ಲದಂತೆ ಕಾದ ಮಿಸ್ತ್ರಿಗಳ ವಿದ್ಯೆಯನ್ನೂ ಇತಿಹಾಸದ ವಿಷಯವೆಂದು ಎಣಿಸಿದವರು ವಿರಳ. ಎಂಜಿನ್ನಿಗೆ ಇಂಧನವನ್ನು ಎಷ್ಟು ಬಲದಿಂದ ಉಣಿಸಬೇಕು, ಎಲ್ಲಿ ತಡೆಯಬೇಕು ಎಂಬ ವಿವೇಕವೇ ಆ ವಿದ್ಯೆಯ ತಿರುಳಾಗಿದ್ದಿತು.

ಹರಿವನ್ನು ಹದದಲ್ಲಿಡುವ ವಿವೇಕವು ಈ ನೆಲಕ್ಕೆ ಹೊಸತೇನೂ ಅಲ್ಲ. ಬೀದರದ ಬಳಿಯ ನೌಬಾದಿನಲ್ಲಿರುವ, ಬಹಮನೀ ಕಾಲದ ಸುರಂಗ ಕಾಲುವೆಯಾದ ಕರೇಜಿನಲ್ಲಿ, ಭೂಗರ್ಭದ ನೀರು ಯಾವ ಯಂತ್ರದ ಹಂಗೂ ಇಲ್ಲದೆ, ಕೇವಲ ಇಳಿಜಾರಿನ ಬಲದಿಂದ ಸುರಂಗದಲ್ಲಿ ಹರಿದು ಬರುತ್ತದೆ; ಇಳಿಜಾರು ಮಿತಿಮೀರಿದರೆ ನೀರು ಕಾಲುವೆಯ ತಳವನ್ನೇ ಕೊರೆಯುವುದು, ಸಾಲದೆಹೋದರೆ ಹೂಳು ನಿಲ್ಲುವುದು. ಮೋಟಾರು ಗಾಡಿಗಳ ಆದಿಯುಗದಲ್ಲಿ ಪೆಟ್ರೋಲು ಹರಿದದ್ದೂ ಇದೇ ನ್ಯಾಯದಿಂದಲೇ. 1908ರಲ್ಲಿ ಹೊರಬಂದ ಫೋರ್ಡ್ ಮಾಡೆಲ್ ಟಿ ಕಾರಿಗೆ ಪಂಪೇ ಇರಲಿಲ್ಲ. ಸೀಟಿನಡಿಯ ಟ್ಯಾಂಕಿನಿಂದ ಪೆಟ್ರೋಲು ತಾನಾಗಿ ಇಳಿಯುತ್ತಿದ್ದುದರಿಂದ, ಟ್ಯಾಂಕು ಬರಿದಾಗುತ್ತ ಬಂದಾಗ ಕಡಿದಾದ ಏರನ್ನು ಹಿಮ್ಮುಖವಾಗಿ ಹತ್ತಬೇಕಾಗುತ್ತಿದ್ದಿತು. ಬೀದರ ಸೀಮೆಯು ಅಂದು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಒಳಪಟ್ಟಿದ್ದಿತು. ಆ ಸಂಸ್ಥಾನದ ರೈಲ್ವೆಯವರು 1932ರಲ್ಲಿ 27 ಬಸ್ಸುಗಳಿಂದ ರಸ್ತೆ ಸಾರಿಗೆಯನ್ನು ಆರಂಭಿಸಿದರು. ಸ್ವಾತಂತ್ರ್ಯಾನಂತರ ಮಹೀಂದ್ರಾದವರು ಜೋಡಿಸಿದ ವಿಲ್ಲೀಸ್ ಜೀಪೂ, ಉತ್ತರಪಾರಾದ ಅಂಬಾಸಡರ್ ಕಾರೂ ದೇಶದ ಮೂಲೆಮೂಲೆಗೆ ಹಬ್ಬಿದಾಗ, ಅವುಗಳ ಸಂಗಡ ಪೆಟ್ರೋಲನ್ನು ನೂಕುವ ಪಂಪು ಮತ್ತು ಅದನ್ನು ಗಾಳಿಯೊಡನೆ ಬೆರೆಸುವ ಕಾರ್ಬುರೇಟರುಗಳ ವಿದ್ಯೆಯೂ ಹಬ್ಬಿತು.

ಈ ಜೋಡಿಯ ಚಮತ್ಕಾರವನ್ನು ತುಸು ನಿಂತು ನೋಡಬೇಕು. ಎಂಜಿನ್ನಿನ ಕ್ಯಾಮ್ ಸುತ್ತುವಾಗ ಪಂಪಿನ ಸನ್ನೆಯು ಡಯಾಫ್ರಮ್ಮನ್ನು ಎಳೆದು ಪೆಟ್ರೋಲನ್ನು ಹೀರಿಕೊಳ್ಳುತ್ತದೆ. ಅದನ್ನು ಮುಂದೆ ನೂಕುವುದು ಮಾತ್ರ ಒಂದು ಸಾಧಾರಣ ಸ್ಪ್ರಿಂಗು. ಆ ಸ್ಪ್ರಿಂಗಿನ ಬಲವೇ ಒತ್ತಡದ ಮಿತಿ: ಚದರ ಅಂಗುಲಕ್ಕೆ 3ರಿಂದ 5 ಪೌಂಡು. ಕಾರ್ಬುರೇಟರಿನ ಬಟ್ಟಲಿನಲ್ಲಿ ಪೆಟ್ರೋಲು ಏರಿದಂತೆ ಫ್ಲೋಟು ತೇಲಿ, ಸೂಜಿಯನ್ನು ಅದರ ಪೀಠಕ್ಕೆ ಒತ್ತಿ, ಬಾಗಿಲನ್ನು ಮುಚ್ಚುತ್ತದೆ. ತೇಲುವ ಹಗುರವಾದ ಫ್ಲೋಟಿಗೆ ಎಷ್ಟು ಶಕ್ತಿಯಿದ್ದೀತು? ಆ ಕೆಲವು ಪೌಂಡುಗಳನ್ನು ತಡೆಯುವಷ್ಟು ಮಾತ್ರ. ಹಿತ್ತಾಳೆಯ ಫ್ಲೋಟನ್ನು ಬಿಚ್ಚಿ ಕಿವಿಯ ಬಳಿ ಅಲುಗಿಸಿ, ಒಳಗೆ ಪೆಟ್ರೋಲಿನ ಸದ್ದು ಕೇಳಿತೆಂದರೆ, ಬಿಸಿನೀರಿನಲ್ಲಿ ಅದ್ದಿ ಗುಳ್ಳೆಯೇಳುವ ರಂಧ್ರವನ್ನು ಪತ್ತೆಹಚ್ಚಿ, ಭಾರ ಹೆಚ್ಚದಂತೆ ತೆಳುವಾಗಿ ಬೆಸುಗೆಯಿಡುವ ಕೈಗಳು ಆ ಕಾಲದ ಗ್ಯಾರೇಜುಗಳಲ್ಲಿದ್ದುವು. ಬೇಸಗೆಯ ಉರಿಯಲ್ಲಿ ಪೆಟ್ರೋಲು ನಳಿಕೆಯಲ್ಲೇ ಆವಿಯಾಗಿ ಗಾಡಿ ನಿಂತಾಗ, ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಕಾಯುವುದು ಡ್ರೈವರುಗಳೆಲ್ಲರೂ ಬಲ್ಲ ಚಿಕಿತ್ಸೆಯಾಗಿದ್ದಿತು.

ಕಾರ್ಬುರೇಟರಿನ ಬದಲು ಇಂಧನವನ್ನು ಒತ್ತಡದಿಂದ ಸಿಂಪಡಿಸುವ ಇಂಜೆಕ್ಷನ್ ಎಂಬುದು ಕನ್ನಡನಾಡಿಗೆ ಮೊದಲು ಪರಿಚಿತವಾದದ್ದು ಡೀಸೆಲ್ಲಿನ ಮೂಲಕ. 1951ರಲ್ಲಿ ಸ್ಥಾಪಿತವಾದ ಮೈಕೋ ಸಂಸ್ಥೆಯ ಬೆಂಗಳೂರಿನ ಕಾರ್ಖಾನೆಯ ಪಂಪು, ನಾಜಲ್‌ಗಳು ಲಾರಿ ಟ್ರ್ಯಾಕ್ಟರುಗಳಲ್ಲಿ ಮನೆಮಾತಾದುವು. ಪೆಟ್ರೋಲ್ ಕಾರುಗಳಿಗಾದರೋ ಅದು ವ್ಯಾಪಕವಾಗಿ ಬಂದದ್ದು 2000ದ ಸುಮಾರಿಗೆ, ಹೊಗೆಯ ನಿಯಮಗಳು ಬಿಗಿಯಾದ ಮೇಲೆ. ಆಗ ಟ್ಯಾಂಕಿನೊಳಗೇ ಮುಳುಗಿ ಕುಳಿತ ವಿದ್ಯುತ್ ಪಂಪು ಸುಮಾರು 43 ಪೌಂಡುಗಳ ಒತ್ತಡವನ್ನು ಕೊಡತೊಡಗಿತು. ಕಾರಿನ ಚಕ್ರಕ್ಕೆ ತುಂಬುವ ಗಾಳಿಗಿಂತಲೂ ಇದು ಅಧಿಕ.

ಇಂಜೆಕ್ಷನ್ ಗಾಡಿಯ ಕಂಪ್ಯೂಟರು ಕೆಟ್ಟು, ಬಿಡಿಭಾಗ ದೊರೆಯದೆ, ಹಳೆಯ ಕಾರ್ಬುರೇಟರನ್ನು ಕೂರಿಸಹೊರಟವರು ಎಡವುವುದು ಇಲ್ಲಿಯೇ. ಟ್ಯಾಂಕಿನ ಪಂಪನ್ನು ಹಾಗೆಯೇ ಉಳಿಸಿಕೊಂಡರೆ, ಸೂಜಿಯು ಪೀಠದಿಂದ ಎದ್ದು, ಬಟ್ಟಲು ಉಕ್ಕಿ, ಪೆಟ್ರೋಲು ಎಂಜಿನ್ನಿನ ಒಳಕ್ಕಿಳಿದು ಸಿಲಿಂಡರಿನ ಎಣ್ಣೆಯ ಲೇಪವನ್ನು ತೊಳೆದುಬಿಡುತ್ತದೆ. ಹೊರಕ್ಕೆ ಚೆಲ್ಲಿದ್ದು ಬಿಸಿ ಎಂಜಿನ್ನಿನ ಮೇಲೆ ಬಿದ್ದರೆ ಬೆಂಕಿ. ಪಂಪಿನ ತಂತಿಗೆ ಪ್ರತಿರೋಧವನ್ನು ಸೇರಿಸಿ ವೇಗ ತಗ್ಗಿಸುವುದೂ, ನಳಿಕೆಯನ್ನು ಹಿಸುಕಿ ಕಿರಿದು ಮಾಡುವುದೂ ಪರಿಹಾರವಲ್ಲ. ಬಟ್ಟಲು ತುಂಬಿ ಹರಿವು ನಿಂತೊಡನೆ, ಕಿರಿದಾದ ನಳಿಕೆಯ ಆಚೆಗೂ ಪೂರ್ಣ ಒತ್ತಡವೇ ಬಂದು ನಿಲ್ಲುತ್ತದೆ. ಕಡಿಮೆ ಒತ್ತಡದ ಪಂಪನ್ನೇ ಹಾಕುವುದು ಉತ್ತಮ. ಅದಾಗದಿದ್ದರೆ, ಹೆಚ್ಚಿನ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಪೈಪುಳ್ಳ, ಕಾರ್ಬುರೇಟರಿಗೆ ಒಪ್ಪುವ ರೆಗ್ಯುಲೇಟರನ್ನು ಇಟ್ಟು, ಮೀಟರಿನಲ್ಲಿ ಒತ್ತಡವನ್ನು ಕಣ್ಣಾರೆ ಕಂಡ ಬಳಿಕವೇ ಗಾಡಿಯನ್ನು ಹೊರಡಿಸಬೇಕು. ಅಪಘಾತವಾದಾಗ ಎಂಜಿನ್ ನಿಂತರೂ ವಿದ್ಯುತ್ ಪಂಪು ಓಡುತ್ತಲೇ ಇರಬಾರದಾದುದರಿಂದ, ಅದನ್ನು ತಾನಾಗಿ ನಿಲ್ಲಿಸುವ ಏರ್ಪಾಡೂ ಅವಶ್ಯ. ತಯಾರಕರು ಕೊಟ್ಟ ಸ್ವರೂಪವನ್ನು ಬದಲಿಸುವುದಕ್ಕೆ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ನಿರ್ಬಂಧವಿರುವುದನ್ನೂ ಗಾಡಿಯ ಒಡೆಯರು ಅರಿತಿರಬೇಕು.

2020ರ ಏಪ್ರಿಲಿನಿಂದ ಬಿಎಸ್-6 ನಿಯಮಗಳು ಬಂದಮೇಲೆ ಹೊಸ ಬೈಕುಗಳಲ್ಲಿಯೂ ಬಹುಪಾಲು ಕಾರ್ಬುರೇಟರನ್ನು ತೊರೆದುವು. ಫ್ಲೋಟನ್ನು ಕಿವಿಗಿಟ್ಟು ದೋಷವನ್ನು ಹೇಳಬಲ್ಲ ಮಿಸ್ತ್ರಿಗಳು ಈಗ ವೃದ್ಧರಾಗಿದ್ದಾರೆ. ಬಿದರಿ ಕಸುಬಿನ ಕ್ರಮವನ್ನು ದಾಖಲಿಸಲು ನಾವು ತೋರುವ ಆಸ್ಥೆಯ ಒಂದು ಪಾಲನ್ನಾದರೂ ಇವರ ಕಸುಬಿಗೂ ತೋರಿ, ಬೀದರದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅವರ ಬಳಿ ಕುಳಿತು, ಅವರು ಹೇಳುವುದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಬೇಕೆಂದು ನನ್ನ ಬಿನ್ನಹ.