ಮಿನಾಮಟಾದ ಪಾದರಸ

ಟ್ಯೂಬ್‌ಲೈಟ್ ಒಡೆದರೆ ಹುಷಾರು, ಒಳಗೆ ಪಾದರಸ ಇರುತ್ತೆ ಅಂತ ಐಟಿಐಯಲ್ಲೇ ಹೇಳಿದ್ದರು. ಆದರೆ ಪಾದರಸದಲ್ಲೂ ಬೇರೆ ಬೇರೆ ರೂಪಗಳಿವೆ, ವಿಷವೂ ಬೇರೆ ಬೇರೆ. ಜಗತ್ತು ಇದನ್ನು ಕಲಿತದ್ದು ಜಪಾನಿನ ಮಿನಾಮಟಾ ಊರಿನ ಮೀನುಗಾರರ ಸಂಕಟದಿಂದ.

ಅಲ್ಲಿನ ಚಿಸ್ಸೊ ಕಾರ್ಖಾನೆ ಅಸಿಟಾಲ್ಡಿಹೈಡ್ ತಯಾರಿಸಲು ಪಾದರಸದ ಲವಣ ಬಳಸಿ, ಕೊಳೆನೀರನ್ನು ಸಮುದ್ರಕ್ಕೆ ಬಿಡುತ್ತಿತ್ತು. ಮೀನು ತಿಂದ ಬೆಕ್ಕುಗಳು ಒದ್ದಾಡಿ ಸತ್ತವು. 1956ರ ಮೇ 1ರಂದು ಮಕ್ಕಳ ಕಾಯಿಲೆ ಸರ್ಕಾರಿ ದಾಖಲೆಗೆ ಬಂತು. 1959ರಲ್ಲಿ ಕುಮಾಮೊಟೊ ವಿಶ್ವವಿದ್ಯಾಲಯದವರು ಸಾವಯವ ಪಾದರಸವೇ ಕಾರಣ ಅಂದರು. ನಾವು ಬಳಸೋದು ನಿರವಯವ ಪಾದರಸ ಅಂತ ಕಂಪನಿ ವಾದ ಹೂಡಿತು.

ಒಟ್ಟು ಪಾದರಸ ಅಳೆದರೆ ಇದಕ್ಕೆ ಉತ್ತರ ಸಿಗಲ್ಲ. ವೋಲ್ಟ್ ಎಷ್ಟು ಅಂತ ಗೊತ್ತಾದರೆ ಸಾಲದು, ಎಸಿಯೋ ಡಿಸಿಯೋ ನೋಡಬೇಕಲ್ಲ, ಹಾಗೆ. ಮುಂದೆ ಕಾರ್ಖಾನೆಯ ಕೆಸರಿನಲ್ಲೇ ಮೀಥೈಲ್ ಪಾದರಸ ಸಿಕ್ಕಿತು. 1966ರಲ್ಲಿ ಸ್ವೀಡನ್ನಿನ ಗುನ್ನೆಲ್ ವೆಸ್ಟೊ ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಯಂತ್ರದಿಂದ, ಮೀನಿನೊಳಗಿನ ಪಾದರಸ ಬಹುಪಾಲು ಮೀಥೈಲ್ ರೂಪದ್ದೇ ಎಂದು ತೋರಿಸಿದರು.

ಆದರೆ ಯಂತ್ರ ಒಂದರಿಂದಲೇ ನ್ಯಾಯ ಸಿಗಲ್ಲ. ಕಂಪನಿ ಆಸ್ಪತ್ರೆಯ ಡಾ. ಹೊಸೊಕಾವಾ 1959ರಲ್ಲೇ ಕೊಳೆನೀರು ಬೆರೆಸಿದ ಆಹಾರ ಕೊಟ್ಟ ಬೆಕ್ಕಿಗೂ ಅದೇ ರೋಗ ಬಂದಿತ್ತು. ಕಂಪನಿ ಅದನ್ನು ಮುಚ್ಚಿಟ್ಟಿತು. ಸರ್ಕಾರ ಸತ್ಯ ಒಪ್ಪಿದ್ದು 1968ರ ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ಅಸಿಟಾಲ್ಡಿಹೈಡ್ ತಯಾರಿಕೆ ನಿಂತು 4 ತಿಂಗಳಾಗಿತ್ತು.